ಹಸಿ ಬಣ್ಣದ ಮೇಲಿನ ಮುಚ್ಚಳ

ತಮ್ಮ ತೀರಿಕೊಂಡದ್ದು ಶುಕ್ರವಾರ ಸಂಜೆ. ಆ ಸಾವಿನಲ್ಲಿ ಇನ್ನೊಬ್ಬರ ಕೈ ಇದೆ ಎಂಬ ಅನುಮಾನ ಅಕ್ಕನ ಎದೆಗೆ ನಾಟಿದ್ದು ಶನಿವಾರ ಬೆಳಗ್ಗೆ. ಹೆಣ ಇನ್ನೂ ಮನೆಯ ಮುಂದಿನ ಕೋಣೆಯಲ್ಲಿತ್ತು. ಅದರ ಪಕ್ಕ ನೆರೆಮನೆಯವರನ್ನು ಕೂರಿಸಿ, ಉಟ್ಟ ಬಟ್ಟೆಯಲ್ಲೇ ಆಕೆ ಠಾಣೆಗೆ ನಡೆದು ಬಂದಳು. ಹೊಲಿಗೆ ಮಾಡಿ ತಮ್ಮನನ್ನು ಓದಿಸಿ, ನಕ್ಷೆ ಬರೆಯುವ ಕಚೇರಿಗೆ ಸೇರಿಸಿದ ಹೆಂಗಸು. ಬೆನ್ನು ಬಾಗಿತ್ತು, ಮಾತು ಬಾಗಿರಲಿಲ್ಲ.

ಇನ್‌ಸ್ಪೆಕ್ಟರು ಕುರ್ಚಿ ತೋರಿಸಿದರು.

"ಹೇಗೆ ಹೋದ್ರಮ್ಮ?"

"ಉಬ್ಬಸ. ಚಿಕ್ಕಂದಿನಿಂದ ಇತ್ತು ಅವನಿಗೆ. ಡಾಕ್ಟ್ರು ಬಂದು ನೋಡಿ ಹಾಗೇ ಬರೆದುಕೊಟ್ರು."

"ಮತ್ತೆ ದೂರು ಏನು?"

"ಅವನು ಉಸಿರು ಎಳೆದುಕೊಳ್ಳೋ ಪಂಪು ಇರೋ ಜಾಗದಲ್ಲಿಲ್ಲ. ಅದರ ಕೆಳಗಿದ್ದ ಪೆಟ್ಟಿಗೆನೂ ಇಲ್ಲ."

"ಎಂಥ ಪೆಟ್ಟಿಗೆ?"

"ಆಕಾಶದ ಹಡಗು ಕಣ್ರೀ. ಕತೆಗಳಲ್ಲಿ ಬರುತ್ತಲ್ಲ, ನಕ್ಷತ್ರಕ್ಕೆ ಹೋಗೋದು. ಅದರ ಬಿಡಿಭಾಗ ಪೆಟ್ಟಿಗೇಲಿ ಬರುತ್ತೆ, ಇವನು ಅಂಟಿಸಿ ಬಣ್ಣ ಹೊಡೀತಿದ್ದ. ಅರವತ್ತೈದಾದ್ರೂ ಅದೇ ಆಟ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೆಳಗ್ಗೆ ಒಬ್ಬ ನೋಡೋಕೆ ಬಂದ. ಹೆಣದ ಪಕ್ಕ ನಿಂತು, 'ಅಕ್ಕಾ, ಆ ಬಿಚ್ಚದ ಪೆಟ್ಟಿಗೆ ಯಾರಿಗೆ ಕೊಡ್ತೀರಿ' ಅಂದ. ಮೈಯೆಲ್ಲ ಉರಿದುಹೋಯ್ತು. ಬಾಯಿ ಮುಚ್ಚಿಸೋಣ ಅಂತ ತರೋಕೆ ಹೋದ್ರೆ ಅಲ್ಲಿ ಪೆಟ್ಟಿಗೆನೇ ಇಲ್ಲ."

"ಪೆಟ್ಟಿಗೆ ಹುಡುಕಿಕೊಡಬೇಕಾ?"

"ಪೆಟ್ಟಿಗೆ ಹಾಳಾಗಿಹೋಗಲಿ. ನಾನು ಸಂಜೆ ಪ್ರಾರ್ಥನೆಗೆ ಹೋಗಿದ್ದೆ. ಅವನು ಒಬ್ಬನೇ ಒದ್ದಾಡಿ ಸತ್ತ ಅಂತ ಬೆಳಗಾಗೋವರೆಗೂ ಅತ್ತೆ. ಒಬ್ಬನೇ ಇರಲಿಲ್ಲ ಅಂದ್ರೆ, ಜೊತೆಗಿದ್ದವರು ಏನು ಮಾಡ್ತಿದ್ರು? ಅದು ನನಗೆ ಗೊತ್ತಾಗಬೇಕು."

ಇನ್‌ಸ್ಪೆಕ್ಟರು ದೂರನ್ನು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಸದ್ಯಕ್ಕೆ ಕಳವು ಮತ್ತು ಅನುಮಾನಾಸ್ಪದ ಸಾವು. ಹತ್ತೂವರೆಗೆ ದಫೇದಾರನನ್ನೂ ಒಬ್ಬ ಮಹಿಳಾ ಪೇದೆಯನ್ನೂ ಕರೆದುಕೊಂಡು ಆ ಮನೆಗೆ ಹೊರಟರು.

ಹೆಣವನ್ನು ಶವಪರೀಕ್ಷೆಗೆ ಕಳಿಸಿ, ನೆರೆಯವರಿಬ್ಬರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಕೆಲಸದ ಕೋಣೆಯ ಪಂಚನಾಮೆ ಶುರುವಾಯಿತು. ಕಿರಿದಾದ ಕೋಣೆ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೆ ಯಾವ ಲೋಕದಲ್ಲೂ ಹಾರದ ಹಡಗುಗಳು. ಒಂದಕ್ಕೆ ಸುಟ್ಟ ಕಲೆ, ಇನ್ನೊಂದಕ್ಕೆ ತುಕ್ಕು, ಎಲ್ಲವೂ ಬಣ್ಣದಲ್ಲೇ ತೀಡಿದ್ದು. ಕಿಟಕಿಯ ಕೆಳಗೆ ಮೇಜು. ಕುರ್ಚಿಯಲ್ಲಿ ಕೂತವನ ಎಡಗೈಗೆ ಎಟುಕುವಂತೆ ಒಂದು ಹಲಗೆ. ಆ ಹಲಗೆಯ ಧೂಳಿನ ನಡುವೆ ಪೆಟ್ಟಿಗೆಯಗಲದ ಸ್ವಚ್ಛ ಚೌಕ ಉಳಿದಿತ್ತು.

"ಪಂಪು ಆ ಪೆಟ್ಟಿಗೆ ಮೇಲೇ ಇರ್ತಿತ್ತಾ?"

"ಯಾವಾಗಲೂ. ಕತ್ತಲಲ್ಲೂ ಕೈ ಹಾಕಿದ್ರೆ ಸಿಗಬೇಕು ಅಂತ."

ಪಂಪು ಸಿಕ್ಕಿದ್ದು ಗಾಜಿನ ಕಪಾಟಿನ ನೆತ್ತಿಯ ಮೇಲೆ. ಉದ್ದಕ್ಕಿದ್ದ ದಫೇದಾರ ಕೂಡ ತುದಿಗಾಲಲ್ಲಿ ನಿಲ್ಲಬೇಕಾಯಿತು. ಅದನ್ನು ಕರವಸ್ತ್ರದಲ್ಲಿ ಹಿಡಿದು ಕವರಿಗೆ ಹಾಕಿ ಮೊಹರು ಮಾಡಿದರು.

"ನಿಮ್ಮ ತಮ್ಮ ಯಾವ ಸ್ಥಿತೀಲಿ ಬಿದ್ದಿದ್ರಮ್ಮ?"

"ಕುರ್ಚಿ ಪಕ್ಕ. ಬಣ್ಣ ಚಿಮ್ಮಿಸೋ ಪಿಸ್ತೂಲು ಹಾಗೇ ಕೈಯಲ್ಲಿತ್ತು. ಬೂದು ಬಣ್ಣ ತೋಳಿಗೆಲ್ಲ ಸುರಿದಿತ್ತು. ಡಾಕ್ಟ್ರು ಬೆರಳು ಬಿಡಿಸಿ ತೆಗೆದ್ರು."

ಮೇಜಿನ ಮೇಲೆ ಯಾವುದೋ ಹಡಗಿನ ರೆಕ್ಕೆ ಇತ್ತು. ಅರ್ಧ ಬೂದು, ಅರ್ಧ ಬಿಳಿ. ಬಣ್ಣ ಹೊಡೆಯುತ್ತ ಹೊಡೆಯುತ್ತಲೇ ಕೈ ನಿಂತಿದೆ. ರೆಕ್ಕೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಾಕಿ ಮುಚ್ಚಿದ್ದರು. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಡಬ್ಬಿಯ ಒಂದು ಅಂಚಿಗೆ ಬೆಂಕಿಕಡ್ಡಿ ಒತ್ತು ಕೊಟ್ಟು, ಕೂದಲೆಳೆಯಷ್ಟು ಸಂದು ಬಿಟ್ಟಿತ್ತು.

"ಇದನ್ನ ಮುಚ್ಚಿದ್ದು ಯಾರು? ನೀವಾ?"

"ಈ ಕೋಣೇಲಿ ನಾನು ಒಂದು ಕಡ್ಡೀನೂ ಮುಟ್ಟಲ್ಲ. ಮುಟ್ಟಿದ್ರೆ ಊಟ ಬಿಡ್ತಿದ್ದ."

ನೆರೆಯವರು ಮುಟ್ಟಿರಲಿಲ್ಲ. ಡಾಕ್ಟರನ್ನು ಫೋನಿನಲ್ಲಿ ಕೇಳಿದರೆ ಅವರೂ ಇಲ್ಲವೆಂದರು. ಪಿಸ್ತೂಲು ಹಿಡಿದೇ ಬಿದ್ದವನು ಎದ್ದು ಬಂದು ಡಬ್ಬಿ ಮುಚ್ಚುವುದಿಲ್ಲ.

"ಕಳ್ಳನಿಗೆ ಇದೆಲ್ಲ ಯಾಕೆ ಸಾರ್?" ಎಂದ ದಫೇದಾರ.

"ಅದನ್ನೇ ಕೇಳಿಕೊಂಡು ಬರೋಣ, ನಡಿ."

ಬೆಳಗ್ಗೆ ಹೆಣದ ಪಕ್ಕ ಪೆಟ್ಟಿಗೆ ಕೇಳಿದವನು ಹವ್ಯಾಸಿಗಳಿಗೆ ಇಂಥ ಕಿಟ್‌ಗಳನ್ನು ಮಾರುವ ಅಂಗಡಿಯವನು. ಅಂಗಡಿಯಲ್ಲಿ ವಿಮಾನ, ಟ್ಯಾಂಕು, ಕಾರುಗಳ ಪೆಟ್ಟಿಗೆ ಸೂರಿನವರೆಗೆ ಪೇರಿಸಿದ್ದವು. ಪೊಲೀಸರನ್ನು ಕಂಡದ್ದೇ ಅವನ ಮುಖ ಸಪ್ಪಗಾಯಿತು.

"ತಪ್ಪಾಯ್ತು ಸಾರ್. ಬಾಯಿ ತಪ್ಪಿ ಕೇಳಿಬಿಟ್ಟೆ."

"ನಿಮ್ಮ ಅಂಗಡೀಲೇ ಇಷ್ಟಿದೆ. ಸತ್ತವರ ಮನೇದು ಯಾಕೆ ಬೇಕಿತ್ತು?"

"ಇವು ಬೇಕಾದಷ್ಟು ಬರ್ತಾವೆ. ಆಕಾಶದ ಹಡಗೇ ಬರಲ್ಲ. ಯಾವನೋ ಹುಚ್ಚ ತನ್ನ ಮನೇಲಿ ಅಚ್ಚು ಮಾಡಿ ಒಂದಷ್ಟು ಎರಕ ಹೊಯ್ದು ಮಾರ್ತಾನೆ. ಅಚ್ಚು ಸವೆದ್ರೆ ಮುಗೀತು. ಅವರ ಮನೇಲಿರೋ ಹಡಗು ಮಾಡಿದವನು ಸತ್ತೇ ಹೋದ, ಅಚ್ಚೂ ಒಡೆದುಹಾಕಿದ್ರು. ನಮಗೆ ಗೊತ್ತಿದ್ದ ಹಾಗೆ ಬಿಚ್ಚದೆ ಉಳಿದಿದ್ದು ಅದೊಂದೇ."

"ಅದು ಅವರ ಹತ್ರ ಇದೆ ಅಂತ ಯಾರಿಗೆಲ್ಲ ಗೊತ್ತು?"

"ಹೀಗೆ ಕಿಟ್ ಕಟ್ಟೋರದ್ದು ನಮ್ಮದೊಂದು ಕೂಟ ಇದೆ. ಅದರಲ್ಲಿ ಎಲ್ಲರಿಗೂ." ಅಂಗಡಿಯವ ಕೂಟದ ಫೋನ್ ಗುಂಪನ್ನು ತೆರೆದು ತೋರಿಸಿದ. ಸಾವಿನ ಸುದ್ದಿಯ ಕೆಳಗೆ ಸಂತಾಪಗಳು. ಆತ್ಮಕ್ಕೆ ಶಾಂತಿ ಸಿಗಲಿ, ಆ ಹಡಗು ಮೊದಲು ನನಗೆ ಎಂದು ಹೇಳಿಟ್ಟಿದ್ದರು ಎಂದು ಒಬ್ಬ. ತುಂಬಲಾರದ ನಷ್ಟ, ಬಣ್ಣದ ಶೀಷೆಗಳನ್ನು ಏನು ಮಾಡುತ್ತಾರೆ ಎಂದು ಇನ್ನೊಬ್ಬ. ಹೆಣ ತೊಳೆಯುವ ಮೊದಲೇ ಪಾಲಿಗೆ ಕೂತಿದ್ದರು. ಇನ್‌ಸ್ಪೆಕ್ಟರು ಫೋನನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು.

"ಹಸಿ ಬಣ್ಣದ ಮೇಲೆ ಡಬ್ಬಿ ಬೋರಲು ಹಾಕ್ತಾರಾ ನಿಮ್ಮಲ್ಲಿ?"

"ಹಾಕಲೇಬೇಕು ಸಾರ್, ಧೂಳು ಕೂರುತ್ತೆ. ತೆರೆದಿಟ್ಟು ಎದ್ದು ಹೋಗೋಕೆ ನಮ್ಮವರಿಗೆ ಕೈಯೇ ಬರಲ್ಲ."

"ಬೆಂಕಿಕಡ್ಡಿ?"

"ಪೂರ್ತಿ ಮುಚ್ಚಿದ್ರೆ ಬಣ್ಣ ಮಂಜು ಹಿಡಿಯುತ್ತೆ. ಬಣ್ಣಕ್ಕೆ ಗಾಳಿ ಬೇಕಲ್ಲ."

ಬೀದಿಗೆ ಬಂದ ಮೇಲೆ ದಫೇದಾರ ಚರಂಡಿಗೆ ಉಗಿದ. "ಬಣ್ಣಕ್ಕೆ ಗಾಳಿ ಬೇಕಂತೆ ಸಾರ್! ಪಕ್ಕದಲ್ಲಿ ಬಿದ್ದವನಿಗೆ?"

ಇನ್‌ಸ್ಪೆಕ್ಟರು ಮುಂದೆ ನಡೆದರು. ಒಬ್ಬ ಮನುಷ್ಯ ನೆಲದ ಮೇಲೆ ಮೀನಿನ ಹಾಗೆ ಬಾಯಿ ಬಿಡುತ್ತಿದ್ದಾಗ, ಇನ್ನೊಬ್ಬ ನಿಧಾನವಾಗಿ ಬೆಂಕಿಕಡ್ಡಿ ಹುಡುಕಿ ಅಂಚಿಗೆ ಒತ್ತು ಕೊಡುತ್ತಿದ್ದ. ಆ ಚಿತ್ರ ಕಣ್ಣಿಗೆ ಅಂಟಿಕೊಂಡಿತ್ತು. ಕೊಲೆ ಕಂಡವರು ಅವರು, ರಕ್ತ ಕಂಡವರು. ಇಂಥ ಅಚ್ಚುಕಟ್ಟುತನ ಕಂಡಿರಲಿಲ್ಲ.

ಶುಕ್ರವಾರ ಸಂಜೆ ಅಂಗಡಿಯವ ಅಂಗಡಿಯಲ್ಲೇ ಇದ್ದನೆಂಬುದಕ್ಕೆ ಗಿರಾಕಿಗಳ ಸಾಕ್ಷಿ ಇತ್ತು. ಕೂಟದವರನ್ನು ಮಧ್ಯಾಹ್ನವೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿದ್ದಾಯಿತು. ಎಲ್ಲರೂ ಬೆಳಗ್ಗೆ ಸಾವಿನ ಮನೆಗೆ ಬಂದು ಹೋಗಿದ್ದರು. ಒಬ್ಬನನ್ನು ಬಿಟ್ಟು. ಅವನು ಸತ್ತವನಿಗೆ ಎಲ್ಲರಿಗಿಂತ ಹತ್ತಿರದವನು, ಹಲ್ಲಿನ ಡಾಕ್ಟರು. ಅಕ್ಕನ ಕೈಯಡುಗೆ ಉಂಡು, ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದವನು.

ಅವನ ಕ್ಲಿನಿಕ್ಕು ಲವಂಗದೆಣ್ಣೆಯ ವಾಸನೆಯಿಂದ ತುಂಬಿತ್ತು. ಶುಕ್ರವಾರ ಸಂಜೆ ಡಾಕ್ಟರು ರೋಗಿಗಳನ್ನು ವಾಪಸು ಕಳಿಸಿ ಬೇಗ ಹೊರಟುಹೋದರೆಂದು ಬಾಗಿಲಲ್ಲಿದ್ದ ಹೆಂಗಸು ಹೇಳಿದಳು. ಡಾಕ್ಟರು ಒಳಗೆ ಕೈ ತೊಳೆಯುತ್ತಿದ್ದ. ತೊಳೆದೇ ತೊಳೆಯುತ್ತಿದ್ದ.

"ಅಣ್ಣನ ವಿಷಯ ತಾನೆ?" ಎಂದ. "ನನಗೆ ತಡೆಯೋಕೇ ಆಗ್ತಿಲ್ಲ ಸಾರ್. ಹೋಗಿ ಮುಖ ನೋಡೋ ಧೈರ್ಯ ಬರಲಿಲ್ಲ."

"ಕೊನೇ ಸಲ ಅವರ ಮನೆಗೆ ಹೋಗಿದ್ದು?"

"ಹೋದ ಭಾನುವಾರ."

"ಆಮೇಲೆ?"

"ಇಲ್ಲ. ಕೆಲಸ, ಕೆಲಸ."

"ನಿನ್ನೆ ಸಂಜೆ ಎಲ್ಲಿದ್ರಿ?"

"ತಲೆನೋವಿತ್ತು. ಮನೇಲಿ ಮಲಗಿದ್ದೆ."

"ಸರಿ. ನಾವು ಕೋಣೆ ಖಾಲಿ ಮಾಡಿಸ್ತಿದ್ದೀವಿ. ಮೇಜಿನ ಮೇಲಿರೋದನ್ನೆಲ್ಲ ನಮ್ಮ ದಫೇದಾರ ಮೂಟೆ ಕಟ್ಟಿ ಠಾಣೆಗೆ ಸಾಗಿಸ್ತಾನೆ."

"ಮೂಟೆನಾ?" ಡಾಕ್ಟರು ಗಾಬರಿಯಿಂದ ತಿರುಗಿದ. "ಅಯ್ಯೋ, ಡಬ್ಬಿ ತೆಗೀಬೇಡಿ ಸಾರ್! ಒಳಗಡೆ ರೆಕ್ಕೆ ಇನ್ನೂ ಹಸಿ ಇರುತ್ತೆ. ಅದು ಎನಾಮಲ್ಲು, ನಾಳೆವರೆಗೂ ಮುಟ್ಟೋ ಹಾಗಿಲ್ಲ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ದಫೇದಾರ ಮುಂದೆ ಹೋಗಿ ನಿಲ್ಲಿಸಿದ.

"ಭಾನುವಾರ ಹೊಡೆದ ಬಣ್ಣ ಶನಿವಾರದವರೆಗೂ ಹಸಿ ಇರುತ್ತೇನ್ರೀ ಡಾಕ್ಟ್ರೇ?" ಎಂದರು ಇನ್‌ಸ್ಪೆಕ್ಟರು.

ಡಾಕ್ಟರು ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಪ್ರಯೋಜನವಿರಲಿಲ್ಲ.

ಅವನ ಮನೆಯ ಶೋಧ ಸಂಜೆ ಆರು ಗಂಟೆಗೆ ನಡೆಯಿತು. ಬಾಗಿಲು ತೆರೆದವಳು ಹೆಂಡತಿ. ನಡುಮನೆಯ ಒಂದು ಮೂಲೆಯಲ್ಲಿ ಪಾತ್ರೆ, ಇನ್ನೊಂದು ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿದ್ದಳು. ತಲೆಯ ಮೇಲಿನ ಫ್ಯಾನು ತಿರುಗುತ್ತಿರಲಿಲ್ಲ.

"ನಾನೂ ಅತ್ತೆಯೂ ಇಲ್ಲೇ ಮಲಗ್ತೀವಿ. ಒಳಗಿನ ಕೋಣೆಗೆ ನಮ್ಮನ್ನ ಬಿಡಲ್ಲ."

ಒಳಗಿನ ಕೋಣೆಯ ಬೀಗ ತೆಗೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಎ.ಸಿ. ಓಡುತ್ತಿತ್ತು. ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು, ಕಿಟಕಿಯನ್ನೂ ನುಂಗಿ ನಿಂತಿದ್ದವು. ಒಂದನ್ನೂ ಬಿಚ್ಚಿರಲಿಲ್ಲ. ಹಳೆಯ ರಟ್ಟಿನ ವಾಸನೆ, ಹುಳ ಬೀಳದಂತೆ ಇಟ್ಟ ಗುಳಿಗೆಯ ವಾಸನೆ. ಮಹಿಳಾ ಪೇದೆ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ಹೊರಗೆ ಮುದುಕಿ ತಾಯಿ ಬೀಸಣಿಗೆ ಬೀಸಿಕೊಳ್ಳುವ ಸದ್ದು ಕೇಳುತ್ತಿತ್ತು.

"ಇಷ್ಟರಲ್ಲಿ ಒಂದಾದ್ರೂ ಕಟ್ಟಿದೀರಾ?"

"ನಾನು ಕಟ್ಟಲ್ಲ ಸಾರ್. ಮೊದಲು ಕಟ್ತಿದ್ದೆ, ಬಿಟ್ಟೆ. ಇಡ್ತೀನಿ."

ಕಳುವಾದ ಪೆಟ್ಟಿಗೆ ಮಂಚದ ಮೇಲಿತ್ತು, ಮೆತ್ತನೆಯ ಹೊದಿಕೆ ಹೊದ್ದು. ದಫೇದಾರ ಅದನ್ನು ವಶಕ್ಕೆ ಪಡೆಯುತ್ತ ಗೊಣಗಿದ: "ಹೋದ ವರ್ಷ ಈ ಕೈಗೇ ನನ್ನ ದವಡೆ ಒಪ್ಪಿಸಿದ್ದೆನಲ್ಲ. ಈಗ ಬಾಯಿ ಮುಕ್ಕಳಿಸಬೇಕು ಅನ್ನಿಸ್ತಿದೆ."

ಬೆರಳಚ್ಚಿನ ವರದಿ ಸೋಮವಾರ ಬಂತು. ಪಂಪಿನ ಮೇಲಿನ ಗುರುತು ಡಾಕ್ಟರನದೇ. ಅದನ್ನು ಮುಂದಿಟ್ಟ ಮೇಲೆ ಅವನು ಉಳಿದದ್ದನ್ನೂ ಹೇಳಿದ. ಶುಕ್ರವಾರ ಅಣ್ಣ ಫೋನ್ ಮಾಡಿದ್ದನಂತೆ. ಉಬ್ಬಸ ಹೆಚ್ಚಾಗುತ್ತಿದೆ, ಎಷ್ಟು ದಿನ ಇರುತ್ತೇನೋ, ಭಾನುವಾರ ಆ ಪೆಟ್ಟಿಗೆ ಬಿಚ್ಚುತ್ತೇನೆ, ಇಬ್ಬರೂ ಸೇರಿ ಕಟ್ಟೋಣ ಬಾ ಎಂದು.

"ಕರೆದಿದ್ದು ಕಟ್ಟೋಕೆ?"

"ಹೂಂ. ಬಿಚ್ಚಬೇಡಿ ಅಂತ ಬೇಡಿಕೊಳ್ಳೋಕೆ ಹೋದೆ. ಕಟ್ಟದೆ ಇದ್ರೆ ಅದು ಬರೀ ರಟ್ಟು ಕಣೋ ಅಂತ ನಕ್ಕರು. ಜಗಳ ಆಯ್ತು. ಬಣ್ಣದ ಹೊಗೆ ಬೇರೆ. ಅವರಿಗೆ ಉಸಿರು ಕಟ್ಟಿತು. ಪೆಟ್ಟಿಗೆ ಕಡೆ ಕೈ ಚಾಚಿದ್ರು."

"ಪೆಟ್ಟಿಗೆಗಲ್ಲ. ಪಂಪಿಗೆ."

"ಗೊತ್ತಿತ್ತು ಸಾರ್."

"ನೀವು?"

"ಪಂಪು ಎತ್ತಿ ಪಕ್ಕಕ್ಕಿಟ್ಟೆ."

"ಪಕ್ಕಕ್ಕಲ್ಲ ರೀ. ತುದಿಗಾಲಲ್ಲಿ ನಿಂತು ಕಪಾಟಿನ ನೆತ್ತಿಗೆ ಇಟ್ಟಿರಿ. ಆಮೇಲೆ ರೆಕ್ಕೆಗೆ ಡಬ್ಬಿ ಮುಚ್ಚಿದ್ರಿ."

"ಅವರು ಅಷ್ಟು ಚೆನ್ನಾಗಿ ಹೊಡೆದಿದ್ರು. ಹಾಳಾಗಬಾರದು ಅನ್ನಿಸ್ತು." ಡಾಕ್ಟರು ಮೊದಲ ಸಲ ಅತ್ತ. "ಅದು ಇನ್ನೊಂದು ಬರಲ್ಲ ಸಾರ್. ಎಲ್ಲೂ ಸಿಗಲ್ಲ."

ಯಾವುದು ಎಂದು ಇನ್‌ಸ್ಪೆಕ್ಟರು ಕೇಳಲಿಲ್ಲ. ಕೇಳಿದರೆ ಅವನು ಪೆಟ್ಟಿಗೆ ಎಂದೇ ಹೇಳುತ್ತಾನೆ ಎಂದು ಅವರಿಗೆ ಖಾತ್ರಿಯಿತ್ತು, ಅದನ್ನು ಕಿವಿಯಾರೆ ಕೇಳುವ ಶಕ್ತಿ ಇರಲಿಲ್ಲ. ಕಳವಿನ ಜೊತೆಗೆ ನರಹತ್ಯೆಯ ಆರೋಪ ಸೇರಿಸಿ, ದಸ್ತಗಿರಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇವನು ದುಡ್ಡಿಗಾಗಿ ಮಾಡಿದ್ದಲ್ಲ, ದ್ವೇಷಕ್ಕಾಗಿಯೂ ಅಲ್ಲ. ವರ್ಷಗಟ್ಟಲೆ ಯಾವುದನ್ನೂ ಬಿಚ್ಚದೆ, ಬಳಸದೆ, ಬರೀ ಕಾಯುತ್ತ ಬಂದವನಿಗೆ ಹೆಂಡತಿಯೂ ತಾಯಿಯೂ ಜಾಗ ತಿನ್ನುವ ಸಾಮಾನಾಗಿದ್ದರು. ಕೊನೆಗೆ ಅನ್ನ ಹಾಕಿದ ಅಣ್ಣನೂ ಪೆಟ್ಟಿಗೆಗೆ ಅಡ್ಡ ಬಿದ್ದ ವಸ್ತುವಾದ.

ಸಂಜೆ ಅವರು ಒಬ್ಬರೇ ಅಕ್ಕನ ಮನೆಗೆ ಹೋದರು. ಅಂದು ಬೆಳಗ್ಗೆಯಷ್ಟೇ ತಮ್ಮನನ್ನು ಮಣ್ಣು ಮಾಡಿ ಬಂದಿದ್ದಳು. ಮಾಡಿದವನು ಯಾರೆಂದು ಹೇಳಿದಾಗ ಆಕೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಅವನಿಗೆ ನಾನೇ ಬಡಿಸಿದೀನಿ ಸಾರ್. ಈ ಕೈಯಲ್ಲೇ."

"ಹೌದಮ್ಮ."

"ನನ್ನ ತಮ್ಮ ಏನಾದ್ರೂ ಅಂದನಾ ಕೊನೇಲಿ?"

ಹೇಳಿಕೆಯಲ್ಲಿ ಅದೂ ಇತ್ತು. ಮುಚ್ಚಿಡೋಣ ಎಂದುಕೊಂಡೇ ಇನ್‌ಸ್ಪೆಕ್ಟರು ದಾರಿಯುದ್ದಕ್ಕೂ ಬಂದಿದ್ದರು. ಆ ಮುಖದ ಮುಂದೆ ಸುಳ್ಳು ಹೊರಡಲಿಲ್ಲ.

"'ಅಕ್ಕಾ' ಅಂತ ಕರೆದ್ರಂತೆ. ಎರಡು ಸಲ."

ಆಕೆ ಕಣ್ಣು ಮುಚ್ಚಿದಳು. ಅಳುತ್ತಾಳೆ ಎಂದುಕೊಂಡರು. ಅವಳು ಅಳಲಿಲ್ಲ.

"ನಾನಾಗ ದೇವರ ಮುಂದೆ ಕೂತು ಅವನಿಗೋಸ್ಕರವೇ ಕೇಳಿಕೊಳ್ತಿದ್ದೆ. ಅವನ ಕೂಗು ನನಗೆ ಕೇಳಿಸಲಿಲ್ಲ. ಕೇಳಿಸಬೇಕಾದವನಿಗೆ ಕೇಳಿಸಿರುತ್ತೆ ಅಂತ ನಂಬ್ತೀನಿ. ಇಲ್ದಿದ್ರೆ ಬದುಕೋಕಾಗಲ್ಲ."

ಆಕೆ ಎದ್ದು ದೀಪ ಹಚ್ಚಿ ಪ್ರಾರ್ಥನೆ ಶುರು ಮಾಡಿದಳು. ಇನ್‌ಸ್ಪೆಕ್ಟರು ಟೋಪಿ ತೆಗೆದು ಹಿಂದೆ ನಿಂತರು. ಆಕೆಯ ತಗ್ಗಿದ ದನಿಯ ಜೊತೆ ತಮ್ಮ ದನಿಯನ್ನೂ ಸೇರಿಸಿದರು.

"ಉಸಿರು ಕೊಟ್ಟವನೇ, ಕೊಟ್ಟ ಉಸಿರನ್ನು ನೀನೇ ತೆಗೆದುಕೊಂಡೆ. ನಡುವೆ ಬಂದ ಕೈಯ ವಿಚಾರ ನಿನಗೆ ಬಿಟ್ಟದ್ದು. ಈ ನನ್ನ ಕೂಸನ್ನು ಹತ್ತಿರ ಕೂರಿಸಿಕೋ. ಹುಟ್ಟಿದಾಗಿನಿಂದ ಎದೆ ಹಿಡಿದು ದಣಿದಿದ್ದಾನೆ. ಅಲ್ಲಿ ಅವನಿಗೆ ಉಸಿರು ಸಲೀಸಾಗಿ ಬರಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ."