ಬಟ್ಟಮೇಕ ಕಂಡ ಜಾಗ

ಹಿಂದೂಪುರದ ಬಸ್ಸಿನಿಂದ ಇಳಿದ ಶಿವರಂಜನಿ ನೆಟ್ಟಗೆ ಕಲ್ಯಾಣದುರ್ಗದ ಜೀಪ್ ಸ್ಟ್ಯಾಂಡಿಗೆ ನಡೆದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳು, ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ವೆಬ್‌ಸೈಟಿಗೆ ಈ ಸೀಮೆಯ ಪರಿಶೀಲಕಿ. ಕುಂದುರ್ಪಿಗೆ ಜೀಪ್ ಓಡಿಸುವ ಜಯಚಂದ್ರ ನಾಲ್ಕು ವರ್ಷದಿಂದ ಪಟ್ಟಿ ಕಳಿಸುತ್ತಿದ್ದವನು. ಮೆಸೇಜಿನಲ್ಲೇ ಜಗಳವಾಡಿ, ನಗಿಸಿ, ಅವಳ ನಿದ್ದೆ ಕೆಡಿಸಿದ್ದ. ಮುಖ ನೋಡಿದ್ದು ಮಾತ್ರ ಇವತ್ತೇ. ಚೆಲುವ ಅನ್ನಿಸಿದ್ದಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು.

“ಬಟ್ಟಮೇಕ ಕಂಡೆ ಅಂತ ಹಾಕಿದ್ದೀರಲ್ಲ, ಆ ಜಾಗಕ್ಕೆ ನಿನ್ನೆ ಹೋಗ್ಬಂದೆ. ಅಲ್ಲಿರೋದು ಕಲ್ಲು ಕ್ವಾರಿ. ಆ ಸದ್ದಿಗೆ ಕಾಗೆನೂ ಕೂರಲ್ಲ!”

ಜಯಚಂದ್ರ ಕಣ್ಣು ತಪ್ಪಿಸಿದ.

ಕನ್ನಡದಲ್ಲಿ ಎರೆಭೂತ ಎನ್ನುವ, ನೆಲದ ಮೇಲೇ ಮೊಟ್ಟೆಯಿಡುವ ಆ ದೊಡ್ಡ ಹಕ್ಕಿ ಈಗ ಕಾಣುವುದೇ ಅಪರೂಪ. ಅದರ ವಿಷಯದಲ್ಲಿ ಸುಳ್ಳು ಸಿಕ್ಕಿಬಿದ್ದರೆ ಅವನ ನಾಲ್ಕು ವರ್ಷದ ಪಟ್ಟಿಗಳನ್ನೆಲ್ಲ ನಂಬಲಾಗದವೆಂದು ಅವಳೇ ತೆಗೆದುಹಾಕಬೇಕು. ಸಂಜೆಯೊಳಗೆ ವೆಬ್‌ಸೈಟಿನವರಿಗೆ ತೀರ್ಮಾನ ಹೇಳಬೇಕಿತ್ತು.

“ಹಕ್ಕಿ ನಿಜ ಮೇಡಂ. ಜಾಗ ಸುಳ್ಳು,” ಎಂದ ಅವನು. “ಒಂದೇ ಮೊಟ್ಟೆ ಇಟ್ಟೈತೆ. ಜಾಗ ಗೊತ್ತಾದ್ರೆ ಬಲೆ ಹಾಕೋರೂ ಬತ್ತಾರೆ, ಕ್ಯಾಮೆರಾದೋರೂ ಬತ್ತಾರೆ.”

“ಹಂಗಾದ್ರೆ ಯಾಕ್ ಹಾಕಿದ್ರಿ?”

“ನಿಜಂಗಾ ಹೇಳ್ಲಾ? ಕಂಡ ತಕ್ಷಣ ನಿಮಗೆ ಹೇಳ್ಬೇಕು ಅನ್ನಿಸ್ಬುಡ್ತು. ತಡ್ಕೊಳಾಕಾಗ್ಲಿಲ್ಲ.”

ಅವಳು ಗಂಟುಮೋರೆ ಸಡಿಲಿಸಲಿಲ್ಲ. “ತೋರ್ಸಿ,” ಎಂದಳು.

ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಅವಳನ್ನು ಕದ್ದು ನೋಡುವುದು, ಸಿಕ್ಕಿಬಿದ್ದಾಗ ಸುಮ್ಮನೆ ಹಾರ್ನ್ ಒತ್ತುವುದು. ಕುಂದುರ್ಪಿಯಾಚೆ, ಹುಲ್ಲುಗಾವಲಿನಿಂದ ದೂರದಲ್ಲೇ ಜೀಪ್ ನಿಲ್ಲಿಸಿ ಬೈನಾಕ್ಯುಲರ್ ಕೊಟ್ಟ. ಐದು ನಿಮಿಷ, ಹತ್ತು ನಿಮಿಷ. ಬರೀ ಹುಲ್ಲು. ಇವನು ಸುಳ್ಳನಾಗದಿರಲಿ ದೇವರೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಆಗ ಹುಲ್ಲಿನ ನಡುವೆ ಬಿಳಿ ಕತ್ತೊಂದು ಮೆಲ್ಲಗೆ ಎದ್ದಿತು. ಅವಳು ಜಯಚಂದ್ರನ ಕೈ ಗಟ್ಟಿಯಾಗಿ ಹಿಡಿದಳು.

“ಜಾಗ ಬಚ್ಚಿಡೋಕೆ ವೆಬ್‌ಸೈಟಲ್ಲೇ ದಾರಿ ಐತೆ ಕಣ್ರೀ,” ಎಂದಳು ಪಿಸುಮಾತಿನಲ್ಲಿ. “ನಿಜ ಬರೀರಿ. ಹೊರಗಿನೋರಿಗೆ ಜಿಲ್ಲೆ ಹೆಸರು ಬಿಟ್ಟು ಬೇರೇನೂ ಕಾಣಲ್ಲ. ಒಂದ್ ಮಾತು ಕೇಳ್ಬಾರ್ದಿತ್ತಾ?”

ಅವನು ಫೋನ್ ತೆಗೆದು ತಿದ್ದಿದ. “ಇನ್ನು ನೀವು ಸರಿ ಅಂದ್ಬುಡಿ.”

“ನಾನು ಅನ್ನೋ ಹಂಗಿಲ್ಲ. ನಿಮ್ಮ ಪಟ್ಟಿಗಳನ್ನ ಇವತ್ತಿಂದ ಬೇರೆಯೋರಿಗೆ ನೋಡೋಕೆ ಕೊಟ್ಬುಡ್ತೀನಿ.”

ಅವನ ಮುಖ ಬಾಡಿತು. “ಇನ್ನೂ ನಂಬ್ಕೆ ಬರ್ಲಿಲ್ವಾ?”

“ಬಂದೈತೆ,” ಎಂದಳು ಶಿವರಂಜನಿ, ಹಿಡಿದ ಕೈ ಬಿಡದೆ. “ಪರಿಶೀಲಿಸೋರಿಗೆ ಇರ್ಬಾರ್ದಷ್ಟು ಬಂದೈತೆ.”