ಸಾಬಿನ್ ಮೇಷ್ಟ್ರ ಕೈಗುಣ

ತಮ್ಮ ಸತ್ತ ಸಂಕಟವನ್ನು ಸಾಬಿನ್ ರೋಷ್ಕಾ ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ತಮ್ಮನ ಹೆಂಡತಿ ಲಿವಿಯಾ ಮಣ್ಣಿನ ದಿನ ಆಡಿದ ಮಾತು. ಪಾದ್ರಿ ಇನ್ನೂ ಧೂಪ ಬೀಸುತ್ತಿದ್ದ. ಅವಳು ಎಲ್ಲರಿಗೂ ಕೇಳುವಂತೆ ಅಂದಳು: "ನಿಮ್ಮನ್ನ ನಂಬಿ ಕಲಿಯೋಕೆ ಬಂದ್ರು ಭಾವಾ. ನೀವು ಕಲಿಸಿದ್ದೇ ಅವರನ್ನ ತಿಂದುಹಾಕ್ತು."

ಸಾಬಿನ್ ಹತ್ತಿರ ಉತ್ತರ ಇತ್ತು, ಆದರೆ ಅದು ಕಪ್ಪು ಕೋಟು ತೊಟ್ಟು, ತಲೆ ತಗ್ಗಿಸಿ, ಶವಪೆಟ್ಟಿಗೆಯ ಆಚೆ ಬದಿಯಲ್ಲಿ ನಿಂತಿತ್ತು. ಅದರ ಹೆಸರು ಹೋರಿಯಾ ಲುಪ್ಷಾನ್.

ಜಿಯು ಕಣಿವೆಯ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ, ನೆಲದೊಳಗೆ ಆಯಸ್ಸು ಸವೆಸಿದ ಗಂಡಸರಿಗೆ ನೆಲದ ಮೇಲಿನ ಕೆಲಸ ಕಲಿಸಲೆಂದು ಊರಿನಲ್ಲೊಂದು ತರಬೇತಿ ಕೇಂದ್ರ ತೆರೆದಿತ್ತು. ಹಿಂದೆ ಗಣಿಗಿಳಿಯುವವರು ದೀಪ ಪಡೆಯುತ್ತಿದ್ದ ಉದ್ದನೆಯ ಕಟ್ಟಡವೇ ಅದರ ಶಾಲೆ. ಹೋರಿಯಾ ಅದರ ನಿರ್ದೇಶಕ. ಗಣಿಯ ವಿದ್ಯುತ್ ಕೆಲಸದಲ್ಲಿ ತಲೆಗೂದಲು ನರೆಸಿಕೊಂಡಿದ್ದ ಸಾಬಿನ್ ಅಲ್ಲಿನ ಮೇಷ್ಟ್ರು. ವಿದ್ಯುತ್ ಪೆಟ್ಟಿಗೆಗಳನ್ನು ಗೋಡೆಗೆ ಏರಿಸಿ ಭದ್ರ ಮಾಡುವುದು ಅವನ ಪಾಠ. ಯಾವ ಗೋಡೆ ಎಷ್ಟು ಭಾರ ಹೊರುತ್ತದೆ, ಯಾವ ಇಟ್ಟಿಗೆಗೆ ಯಾವ ಬೋಲ್ಟು, ತಟ್ಟಿದಾಗ ಟೊಳ್ಳು ಗೋಡೆ ಹೇಗೆ ಸದ್ದು ಮಾಡುತ್ತದೆ, ಇದನ್ನೆಲ್ಲ ಅವನು ಪಾದ್ರಿ ಮಂತ್ರ ಹೇಳುವ ಹಾಗೆ ಹೇಳುತ್ತಿದ್ದ.

ಸಾಬಿನ್‌ನ ತಮ್ಮ ವಿಯೋರೆಲ್‌ಗೆ ಟೊಳ್ಳು ಗೋಡೆಯ ಪಾಠ ಆಗಿರಲೇ ಇಲ್ಲ. ಕೆಲಸಗಾರರನ್ನು ಬೇಗ ಕಳಿಸಿ ಎಂದು ಕಂಪನಿಗಳು ಒತ್ತಾಯಿಸಿದಾಗ ಹೋರಿಯಾ ಪಾಠಗಳನ್ನು ಅರ್ಧಕ್ಕೇ ನಿಲ್ಲಿಸಿ ಆ ತಂಡಕ್ಕೆ ಪ್ರಮಾಣಪತ್ರ ಹಂಚಿಬಿಟ್ಟ. ಒಂದು ಬೇಕರಿಯ ನೆಲಮಾಳಿಗೆಯಲ್ಲಿ ವಿಯೋರೆಲ್ ಏರಿಸಿದ ಪೆಟ್ಟಿಗೆ ಅವನ ಮೇಲೇ ಕುಸಿಯಿತು. ವಿಚಾರಣೆಯಲ್ಲಿ ಹೋರಿಯಾ ಕಣ್ಣೊರೆಸಿಕೊಂಡು ಹೇಳಿದ: "ಪಾಠ ಎಲ್ಲಾ ಆಗಿತ್ತು. ಮೇಷ್ಟ್ರು ಹೇಗೆ ಹೇಳ್ಕೊಟ್ರೋ, ಅದನ್ನ ನಾನು ಹೇಗೆ ಹೇಳಲಿ? ಸ್ವಂತ ತಮ್ಮ ಹೋಗಿದಾನೆ, ಅವರಿಗೆ ಆಗಿರೋ ಶಿಕ್ಷೆ ಸಾಲದಾ?"

ಅಷ್ಟೇ ಅಲ್ಲ, ಸಾಬಿನ್‌ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಊರು ಹೋರಿಯಾನ ದೊಡ್ಡ ಮನಸ್ಸನ್ನು ಹೊಗಳಿತು. ಸಾಬಿನ್ ಅಂಗಡಿಗೆ ಹೋದರೆ ಮಾತು ತಗ್ಗುತ್ತಿತ್ತು. ಅವನು ಬಿಗಿದ ಬೋಲ್ಟನ್ನು ಕಲಿಯಲು ಬಂದವರು ಅವನ ಬೆನ್ನ ಹಿಂದೆ ಇನ್ನೊಮ್ಮೆ ಅಲುಗಿಸಿ ನೋಡುತ್ತಿದ್ದರು. ಅದು ಅವನಿಗೆ ಕಾಣುತ್ತಿತ್ತು.

ಕೊಲ್ಲುವ ಯೋಚನೆ ಒಮ್ಮೆಲೇ ಬಂದದ್ದಲ್ಲ. ಹೋರಿಯಾನೇ ಅದನ್ನು ಅವನ ಕಣ್ಣೆದುರು ಮತ್ತೆ ಮತ್ತೆ ತಂದು ಇಟ್ಟಿದ್ದ. ಹೊರಗಿನವರು ಕೇಂದ್ರ ನೋಡಲು ಬಂದಾಗಲೆಲ್ಲ ಅವನದೊಂದು ಆಟವಿತ್ತು. ಗೋಡೆಗೆ ಏರಿಸಿದ ದೊಡ್ಡ ಬ್ಯಾಟರಿ ಪೆಟ್ಟಿಗೆಯ ಕೆಳಗೆ ನಿಂತು, ಅದರ ಕಬ್ಬಿಣದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮೇಲೆತ್ತಿ ಬಾವಲಿಯ ಹಾಗೆ ಜೋತುಬೀಳುತ್ತಿದ್ದ. "ನೋಡಿ ಸ್ವಾಮೀ, ನನ್ನ ಜೀವಾನೇ ನೇತುಹಾಕಿದೀನಿ. ಇದು ನಮ್ಮ ಜನರ ಕೆಲಸ!" ಎನ್ನುತ್ತಿದ್ದ. ಪತ್ರಿಕೆಯವರು ಫೋಟೋ ತೆಗೆಯುತ್ತಿದ್ದರು. ವಿಯೋರೆಲ್ ಸತ್ತ ಮೇಲೂ ಈ ಆಟ ನಿಲ್ಲಲಿಲ್ಲ. ಅದು ಧೈರ್ಯ ತುಂಬುವ ಕೆಲಸ ಎಂದು ಹೋರಿಯಾ ಹೇಳುತ್ತಿದ್ದ.

ವಸಂತದಲ್ಲಿ, ಜಿಲ್ಲಾ ಕೇಂದ್ರದಿಂದ ಸೋಮವಾರ ತಪಾಸಣೆ ತಂಡ ಬರುತ್ತದೆಂದು ತಿಳಿದಾಗ, ಸಾಬಿನ್‌ನ ಮನಸ್ಸು ಒಂದು ಹಳೆಯ ಯಂತ್ರ ಚಾಲೂ ಆದ ಹಾಗೆ ಸದ್ದಿಲ್ಲದೆ ತಿರುಗತೊಡಗಿತು.

ಪೆಟ್ಟಿಗೆಯ ಮೇಲಂಚಿನ ಬೋಲ್ಟುಗಳು ಗೋಡೆಯ ಆಳಕ್ಕೆ ಇಳಿದು ಕಚ್ಚಿಕೊಂಡಿರಬೇಕು. ಅವುಗಳ ಜಾಗದಲ್ಲಿ ಮೈ ಗಿಡ್ಡವಾದ, ಆದರೆ ತಲೆ ಮಾತ್ರ ಅದೇ ಅಳತೆಯ ಬೋಲ್ಟು ಹಾಕಿದರೆ ಹೊರಗಿನಿಂದ ಯಾರಿಗೂ ವ್ಯತ್ಯಾಸ ಕಾಣದು. ಪೆಟ್ಟಿಗೆ ತನ್ನ ಪಾಡಿಗೆ ನಿಂತಿರುತ್ತದೆ. ಮನುಷ್ಯನೊಬ್ಬ ಜೋತುಬಿದ್ದರೆ ನಿಲ್ಲುವುದಿಲ್ಲ. ಆಮೇಲೆ ನೋಡುವವರಿಗೆ ಕಾಣುವುದು ಒಂದೇ: ಕಲಿಯುತ್ತಿದ್ದವನೊಬ್ಬ ತಪ್ಪು ಡಬ್ಬಿಗೆ ಕೈ ಹಾಕಿ ಗಿಡ್ಡ ಬೋಲ್ಟು ತೆಗೆದುಕೊಂಡ. ಕಲಿಯುವವರು ಮಾಡುವ ತಪ್ಪೇ ಅದು.

ಆ ಕಲಿಯುವವನ ಹೆಸರು ಗಾವ್ರಿಲ್. ಕಲ್ಲಿದ್ದಲು ಅಗೆದು ಅಗೆದು ಬೆನ್ನು ಬಾಗಿದ್ದ, ಮಾತಿಗಿಂತ ನಗುವೇ ಹೆಚ್ಚಿದ್ದ ಗಂಡಸು. ಶುಕ್ರವಾರ ಮಧ್ಯಾಹ್ನ ಆ ಪೆಟ್ಟಿಗೆಯನ್ನು ಏರಿಸುವ ಸರದಿ ಅವನದು. ಅವನಿಗೆ ಏನಾಗುತ್ತದೆ ಎಂಬುದನ್ನೂ ಸಾಬಿನ್ ಯೋಚಿಸಿದ್ದ. ಕಲಿಕೆಯ ಹೊತ್ತಿನ ಅನಾಹುತಕ್ಕೆ ಹೊಣೆ ಕೇಂದ್ರದ ನಿರ್ದೇಶಕನದು. ಅಂದರೆ ಸತ್ತವನದೇ. ಗಾವ್ರಿಲ್‌ಗೆ ಒಂದಿಷ್ಟು ಬೈಗುಳ, ಒಂದಿಷ್ಟು ಕಣ್ಣೀರು, ಅಷ್ಟೇ. ಇನ್ನೊಬ್ಬನ ತಪ್ಪನ್ನು ತಲೆಯ ಮೇಲೆ ಹೊತ್ತು ತಿರುಗುವುದು ಎಷ್ಟು ಭಾರ ಎಂದು ತನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂಬ ಯೋಚನೆ ಒಮ್ಮೆ ಬಂತು. ಅದನ್ನು ಅವನು ಬದಿಗೆ ತಳ್ಳಿದ.

ಶುಕ್ರವಾರ ಗಾವ್ರಿಲ್ ಇನ್ನೂ ಡ್ರಿಲ್ಲು ಹಿಡಿದು ಬೆವರುತ್ತಿದ್ದಾಗಲೇ ಸಾಬಿನ್ ಕೋಟು ಏರಿಸಿದ.

"ಹೊರಟ್ರಾ ಮೇಷ್ಟ್ರೇ? ಪರೀಕ್ಷೆ ಮಾಡಲ್ವಾ?"

"ಹಲ್ಲು ನೋವು ಗಾವ್ರಿಲ್, ತಡಿಯೋಕಾಗ್ತಿಲ್ಲ. ಉದ್ದದ ಬೋಲ್ಟು ಹಾಕು, ಮರೀಬೇಡ. ಸೋಮವಾರ ನೋಡೋಣ."

"ನನ್ನ ಹೆಂಡತೀನೂ ಇಷ್ಟು ಸಲ ಹೇಳಲ್ಲ ಬಿಡಿ," ಎಂದು ಗಾವ್ರಿಲ್ ನಕ್ಕ. ಅಲ್ಲಿದ್ದ ಇನ್ನಿಬ್ಬರೂ ನಕ್ಕರು. ಅವರು ನಕ್ಕದ್ದು ಸಾಬಿನ್‌ಗೆ ಬೇಕಾಗಿತ್ತು. ನಕ್ಕ ಮಾತನ್ನು ಜನ ಮರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿತು. ಕೇಂದ್ರದ ಕಾವಲುಗಾರ ಮುದುಕ ಗಾಯನದ ಸಾಲಿನಲ್ಲಿ ಹಾಡುತ್ತಾನೆ, ಎಂದೂ ತಪ್ಪಿಸುವುದಿಲ್ಲ. ಬಿಸಿಲು ಹಿತವಾಗಿತ್ತು. ಸಾಬಿನ್ ಹಿಂದಿನ ಬಾಗಿಲಿನಿಂದ ಒಳಗೆ ಬಂದು, ತೆಳು ಕೈಗವಸು ತೊಟ್ಟು, ಪೆಟ್ಟಿಗೆಯ ಎದುರು ನಿಂತ.

ಗಾವ್ರಿಲ್‌ನ ಕೆಲಸ ಚೆನ್ನಾಗಿತ್ತು. ರಂಧ್ರಗಳು ನೇರವಾಗಿದ್ದವು, ಪೆಟ್ಟಿಗೆ ಕೂದಲೆಳೆಯಷ್ಟೂ ವಾಲಿರಲಿಲ್ಲ. ಮೇಷ್ಟ್ರ ಮನಸ್ಸು ಒಂದು ಗಳಿಗೆ ಹಿಗ್ಗಿತು. ಆಮೇಲೆ ಪೆಟ್ಟಿಗೆಗೆ ಕೆಳಗಿನಿಂದ ಮರದ ಆಸರೆ ಕೊಟ್ಟು, ಪಾನಾ ಹಚ್ಚಿ, ಮೇಲಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಗಿಡ್ಡ ಬೋಲ್ಟುಗಳನ್ನು ಕೂರಿಸಿ, ಪಾನಾ ಕೈಗೆ ಎದುರು ಒತ್ತುವಷ್ಟು ಬಿಗಿ ಮಾಡಿದ. ಕೈ ತನಗೆ ಗೊತ್ತಿದ್ದ ಕೆಲಸವನ್ನು ತಾನೇ ಮಾಡುತ್ತ ಹೋಯಿತು. ಕೆಲಸ ಮಾಡುತ್ತಿರುವಾಗ ಅವನ ಮನಸ್ಸು ಪೆಟ್ಟಿಗೆಯ ಹತ್ತಿರವೇ ಇರಲಿಲ್ಲ. ಲಿವಿಯಾ ಬಾಗಿಲು ತೆರೆದು "ಒಳಗೆ ಬನ್ನಿ ಭಾವಾ" ಎನ್ನುವುದನ್ನು ಕೇಳಿಸಿಕೊಳ್ಳುತ್ತಿತ್ತು. ಆಸರೆ ತೆಗೆದ, ನೆಲದ ಪುಡಿ ಗುಡಿಸಿದ, ಉದ್ದದ ಬೋಲ್ಟುಗಳನ್ನು ಸೇತುವೆಯಿಂದ ಜಿಯು ನದಿಯ ಕಪ್ಪು ನೀರಿಗೆ ಬಿಟ್ಟ. ಚರ್ಚಿನಲ್ಲಿ ಸತ್ತವರ ಹೆಸರು ಓದುವ ಹೊತ್ತಿಗೆ ಅವನು ಕಂಬದ ಪಕ್ಕ ಮೇಣದಬತ್ತಿ ಹಿಡಿದು ನಿಂತಿದ್ದ. ಸತ್ತವರ ನೆನಪಿಗೆ ಹೊರಗೆ ಹಂಚಿದ ಸಿಹಿಗೋಧಿಯ ಕೊಲಿವಾವನ್ನು ಎಲ್ಲರೂ ಕಾಣುವಂತೆ ತಿಂದ.

ಸೋಮವಾರ ತಂಡ ಬಂತು. ಪತ್ರಿಕೆಯವರೂ ಬಂದರು. ಹೋರಿಯಾ ಹೊಸ ಟೈ ಕಟ್ಟಿದ್ದ. ಎಲ್ಲರೆದುರು ಸಾಬಿನ್‌ನ ಹೆಗಲ ಮೇಲೆ ಕೈಯಿಟ್ಟು, "ಇವರ ಮನೆಯಲ್ಲಿ ಅಷ್ಟು ದೊಡ್ಡ ದುಃಖ ನಡೀತು. ಆದ್ರೂ ನಾವು ಇವರ ಕೈ ಬಿಡ್ಲಿಲ್ಲ," ಎಂದ. ಸಾಬಿನ್ ತಲೆಬಾಗಿದ.

ಆಮೇಲೆ ಅವನ ಲೆಕ್ಕದಲ್ಲಿರದ ಒಂದು ಸಂಗತಿ ನಡೆಯಿತು. ಪೆಟ್ಟಿಗೆಯ ಹತ್ತಿರ ಬಂದ ಹೋರಿಯಾ ಹಿಂದಕ್ಕೆ ತಿರುಗಿ, "ಇವತ್ತು ನಾನು ಬೇಡ. ಏರಿಸಿದವನೇ ಜೋತುಬೀಳಲಿ. ಬಾ ಗಾವ್ರಿಲ್, ನಿನ್ನ ಕೆಲಸ ನೀನೇ ಹೊರು," ಎಂದ.

ಗಾವ್ರಿಲ್ ಕೆಂಪಾಗಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಮುಂದೆ ಬಂದ. ಸಾಬಿನ್ ಇಲ್ಲಿ ನಿಲ್ಲಿಸಬಹುದಿತ್ತು. ನಾನಿನ್ನೂ ಪರೀಕ್ಷೆ ಮಾಡಿಲ್ಲ ಎಂದು ಒಂದು ಮಾತು ಹೇಳಿದ್ದರೆ ಯಾರೂ ಸಾಯುತ್ತಿರಲಿಲ್ಲ. ಆದರೆ ಅವನ ಬಾಯಿಂದ ಬಂದ ಮಾತು ಬೇರೆ.

"ಸಾಹೇಬ್ರೇ, ಗಾವ್ರಿಲ್ ಫೋಟೋ ಯಾರು ಹಾಕ್ತಾರೆ? ಇವರೆಲ್ಲಾ ನಿಮ್ಮನ್ನೇ ಕಾಯ್ತಿದಾರೆ."

ಎಲ್ಲರೂ ನಕ್ಕರು. "ಮೇಷ್ಟ್ರು ಹೇಳಿದ ಮೇಲೆ ಆಯ್ತು," ಎಂದು ಹೋರಿಯಾ ಕೋಟು ಬಿಚ್ಚಿ ಗಾವ್ರಿಲ್‌ನ ಕೈಗೆ ಕೊಟ್ಟ. ಅಂಚು ಹಿಡಿದ. ಕಾಲೆತ್ತಿದ.

ಗೋಡೆಯಿಂದ ಒಣ ರೊಟ್ಟಿ ಮುರಿದಂಥ ಸದ್ದು ಬಂತು. ಆಮೇಲೆ ಕೇಳಿದ್ದು ಕಬ್ಬಿಣ ನೆಲಕ್ಕೆ ಬಿದ್ದ ಸದ್ದು ಮಾತ್ರ. ಮನುಷ್ಯನ ಸದ್ದು ಕೇಳಲಿಲ್ಲ. ಗಾವ್ರಿಲ್ ಕೋಟನ್ನು ಎದೆಗವುಚಿಕೊಂಡು ನಿಂತೇ ಇದ್ದ. ಅದನ್ನು ಅವನ ಕೈಯಿಂದ ಬಿಡಿಸಲು ಇಬ್ಬರು ಬೇಕಾದರು.

ವಿಚಾರಣೆ ಸಾಬಿನ್ ಅಂದುಕೊಂಡ ದಾರಿಯಲ್ಲೇ ಸಾಗಿತು. ಗಿಡ್ಡ ಬೋಲ್ಟುಗಳು ಸಿಕ್ಕವು. ಗಾವ್ರಿಲ್ ಮೊದಲು ಉದ್ದದ್ದೇ ಹಾಕಿದ್ದೆ ಎಂದ. ಆಮೇಲೆ ಇರಬಹುದು, ಗೊತ್ತಿಲ್ಲ ಎಂದ. ಕೊನೆಗೆ ಮೇಷ್ಟ್ರ ಮನೆಗೇ ಬಂದು ಅಡಿಗೆಮನೆಯ ಕುರ್ಚಿಯಲ್ಲಿ ಕುಸಿದ.

"ನನ್ನ ಕೈಯನ್ನ ನಾನೇ ನಂಬ್ತಿಲ್ಲ ಮೇಷ್ಟ್ರೇ. ಬ್ರೆಡ್ಡು ಕುಯ್ಯೋಕೂ ಹೆದರಿಕೆ. ನಾನೇ ಕೊಂದೆ ಅಲ್ವಾ?"

ಸಾಬಿನ್ ಅವನ ಲೋಟಕ್ಕೆ ಪ್ಲಮ್ ಸಾರಾಯಿ ಬಗ್ಗಿಸಿದ. "ಮನುಷ್ಯನ ಕೈ, ತಪ್ಪತ್ತೆ," ಎಂದ. ಹೋರಿಯಾ ತನ್ನ ಬಗ್ಗೆ ಆಡಿದ ಮಾತಿನ ಧಾಟಿಯೇ ತನ್ನ ದನಿಯಲ್ಲಿ ಕೇಳಿದಂತಾಗಿ, ತನಗೂ ಒಂದು ಲೋಟ ಬಗ್ಗಿಸಿಕೊಂಡ.

ಕಾರ್ಮಿಕ ಇಲಾಖೆಯಿಂದ ಬಂದಿದ್ದ ತನಿಖಾಧಿಕಾರಿ ಇಲಿಂಕಾ ಬೋಯೆರು ಎಂಬ ನಡುವಯಸ್ಸಿನ ಹೆಂಗಸು. ಆಕೆಯೆದುರು ಸಾಬಿನ್ ಹೇಳಿದ್ದು ಸ್ವಲ್ಪ, ಆದರೆ ಪ್ರತಿ ಮಾತನ್ನೂ ತೂಗಿಟ್ಟಿದ್ದ. ಶುಕ್ರವಾರ ಹಲ್ಲುನೋವೆಂದು ಬೇಗ ಹೊರಟೆ. ಆ ಪೆಟ್ಟಿಗೆ ಮೇಲೇರಿದ ಮೇಲೆ ಅದನ್ನು ಮುಟ್ಟಿಯೇ ಇಲ್ಲ. ಸೋಮವಾರ ಮೊದಲು ಪರೀಕ್ಷೆ ಮಾಡುವವನಿದ್ದೆ, ಸಾಹೇಬರ ಆತುರ, ಅವಕಾಶ ಕೊಡಲಿಲ್ಲ. ಅವರು ಯಾವಾಗಲೂ ಹಾಗೆಯೇ. ಪಾಠ ಮುಗಿಯುವ ಮೊದಲೇ ಜನರನ್ನು ಕೆಲಸಕ್ಕೆ ಕಳಿಸಿದ್ದೂ ಉಂಟು.

ಕೊನೆಯ ಮಾತನ್ನು ಆಕೆ ಹಿಡಿದುಕೊಂಡಳು. ವಿಯೋರೆಲ್‌ನ ಜೊತೆಗಿದ್ದವರನ್ನು ಕರೆಸಿದಳು. ಹೋರಿಯಾ ಬದುಕಿದ್ದಾಗ ಬಾಯಿ ಬಿಡದಿದ್ದವರು ಈಗ ಬಿಟ್ಟರು: ಹೌದು, ಟೊಳ್ಳು ಗೋಡೆಯ ಪಾಠ ಆಗಿರಲೇ ಇಲ್ಲ. ಆ ಸುದ್ದಿ ಊರಿಡೀ ಹರಡಿತು. ಅಂಗಡಿಯವನು ಮಾತು ತಗ್ಗಿಸಲಿಲ್ಲ, ಬದಲಿಗೆ ಕೈ ಕುಲುಕಿದ. ಒಂದು ಮಧ್ಯಾಹ್ನ ಲಿವಿಯಾ ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು.

"ಅವತ್ತು ಏನೇನೋ ಅಂದ್ಬಿಟ್ಟೆ ಭಾವಾ. ಮನಸ್ಸಿಗೆ ಹಚ್ಕೋಬೇಡಿ. ಬಿಸಿ ಇದೆ, ಊಟ ಮಾಡಿ."

ಬಾಗಿಲು ಹಾಕಿಕೊಂಡು ಸಾಬಿನ್ ಅತ್ತ. ಪಾತ್ರೆಯನ್ನು ಅವನು ಇನ್ನೂ ತೊಳೆದು ಹಿಂತಿರುಗಿಸಿರಲಿಲ್ಲ. ಅಷ್ಟರಲ್ಲಿ ಇಲಿಂಕಾ ಬೋಯೆರು ಅವನನ್ನು ಮತ್ತೊಮ್ಮೆ ಕರೆಸಿದಳು. ಗಾವ್ರಿಲ್‌ನ ಮೇಲಿನ ವಿಚಾರಣೆ ಮುಗಿಸುವುದಕ್ಕೆ ಒಂದು ಸಣ್ಣ ವಿವರ ಬೇಕು, ಅಷ್ಟೇ ಎಂದಿದ್ದಳು.

ಮೇಜಿನ ಮೇಲೆ ಪೆಟ್ಟಿಗೆಯ ಹಿಂಬದಿಯ ಕಬ್ಬಿಣದ ಪಟ್ಟಿ ಇತ್ತು. ಗೋಡೆಯಿಂದ ಕಿತ್ತುಬಂದ ಗಿಡ್ಡ ಬೋಲ್ಟುಗಳು ಅದರಲ್ಲಿ ಹಾಗೆಯೇ ಬಿಗಿದುಕೊಂಡಿದ್ದವು. "ನನಗೆ ನಿಮ್ಮ ಕೆಲಸ ಗೊತ್ತಿಲ್ಲ ಮೇಷ್ಟ್ರೇ, ಸ್ವಲ್ಪ ಹೇಳ್ಕೊಡಿ," ಎಂದು ಆಕೆ ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಹಾದುಹೋಗಿದ್ದ ತೆಳ್ಳನೆಯ ಹಳದಿ ಗೆರೆಯ ಮೇಲೆ ಬೆರಳಿಟ್ಟಳು, "ಇದೇನು?" ಸಾಬಿನ್ ತರಗತಿಯಲ್ಲಿ ಹೇಳುವ ಹಾಗೆ ತಡವರಿಸದೆ ಹೇಳತೊಡಗಿದ: "ಬೋಲ್ಟು ಬಿಗಿ ಮಾಡಿ ಪರೀಕ್ಷೆ ಆದ ಮೇಲೆ ಬಣ್ಣದ ಪೆನ್ನಲ್ಲಿ ಎಳೆಯೋ ಗುರುತು ಅದು. ಆಮೇಲೆ ಯಾರಾದ್ರೂ ಬೋಲ್ಟು ತಿರುಗಿಸಿದ್ರೆ ಗೆರೆ ಒಡೆಯತ್ತೆ, ಗೊತ್ತಾಗತ್ತೆ. ಕಲಿಯೋರಿಗೆ ಆ ಪೆನ್ನು ಕೊಡಲ್ಲ. ಮೇಷ್ಟ್ರು ಮಾತ್ರ..." ಅಷ್ಟರಲ್ಲಿ ಅವನ ಕಣ್ಣು ಉಳಿದ ಬೋಲ್ಟುಗಳ ಮೇಲೆ ಹೋಯಿತು. ಗಿಡ್ಡ ಬೋಲ್ಟುಗಳಲ್ಲಿ ಪ್ರತಿಯೊಂದರ ಮೇಲೂ ಗೆರೆ ಇತ್ತು, ನೇರವಾಗಿ, ಎಲ್ಲೂ ಒಡೆಯದೆ. ಭಾನುವಾರ ಬೆಳಿಗ್ಗೆ, ಮನಸ್ಸು ಲಿವಿಯಾಳ ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿ, ಜೀವಮಾನವಿಡೀ ಮಾಡುತ್ತ ಬಂದದ್ದನ್ನು ಅವನ ಕೈ ಅವನನ್ನು ಕೇಳದೆಯೇ ಮಾಡಿ ಮುಗಿಸಿತ್ತು. ಈಗಲೂ ಅದು ಅವನನ್ನು ಕೇಳಲಿಲ್ಲ. ತಾನಾಗಿಯೇ ಮೇಲಕ್ಕೆದ್ದು, ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಹಳದಿ ಪೆನ್ನನ್ನು ಮುಚ್ಚಿಕೊಂಡಿತು.