ಎಂಟನೇ ನಂಬರಿನ ಚಪ್ಪಲಿ

"ಮೂರು... ಎರಡು... ಒಂದು!"

ನೀರು ತುಂಬಿದ ಬಾಟಲಿ ರಾಕೆಟ್ ಆಕಾಶಕ್ಕೆ ಹೋಗಬೇಕಿತ್ತು. ಅದು ನೇರವಾಗಿ ಅವಳ ಕಡೆಗೇ ನುಗ್ಗಿತು!

ಓಡಿದಳು. ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಸೀರೆಯೆಲ್ಲ ನೀರು.

"ಕಣ್ಣು ಕಾಣಲ್ವೇನ್ರೀ ನಿಮಗೆ?"

"ನನಗೆ ಕಾಣುತ್ತೆ ಮೇಡಂ... ರಾಕೆಟ್‌ಗೆ ಕಾಣಲ್ಲ," ಎಂದ ಪ್ಲಂಬರ್, ಸೈಕಲ್ ಪಂಪ್ ಹಿಡಿದುಕೊಂಡೇ.

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳ ಸ್ವಂತ ಮಗಳು. ಹೆತ್ತ ತಾಯಿಯ ಮಾನ ಹೋದರೆ ಹೋಗಲಿ, ರಾಕೆಟ್ ಹಾರಿತಲ್ಲ!

ಬಡಾವಣೆಯ ಅಪ್ಪ-ಅಮ್ಮಂದಿರು ಸೇರಿ ಮೈದಾನದಲ್ಲಿ ಶುರು ಮಾಡಿದ 'ಭಾನುವಾರದ ವಿಜ್ಞಾನ'ದ ಮೊದಲ ದಿನ ಅದು. ಎರಡನೇ ವಾರದಿಂದಲೇ ಒಬ್ಬೊಬ್ಬರಾಗಿ ಕೈಕೊಟ್ಟರು. ಕೊನೆಗೆ ಉಳಿದವರು ಇಬ್ಬರೇ. ಗಂಡನಿಂದ ಬೇರೆಯಾಗಿ, ಔಷಧಿ ಅಂಗಡಿ ನಡೆಸಿಕೊಂಡು ಮಗಳನ್ನು ಬೆಳೆಸುತ್ತಿದ್ದ ಅವಳು. ಹೆಂಡತಿ ತೀರಿಕೊಂಡ ಮೇಲೆ ಮಗಳಿಗೆ ತಾನೇ ಜಡೆ ಹಾಕಲು ಕಲಿತಿದ್ದ ಪ್ಲಂಬರ್.

ನೆರಳಿನಿಂದ ಮರದ ಎತ್ತರ ಅಳೆದರು. ಇರುವೆಗಳ ಮೆರವಣಿಗೆಗೆ ಸಕ್ಕರೆ ಹಾಕಿ ಕಾದು ಕುಳಿತರು. ಐದನೇ ವಾರ ಒದ್ದೆ ಮಣ್ಣಿನಲ್ಲಿ ಹೆಜ್ಜೆಯೂರಿ, ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವ ಪಾಠ. ಹೆಜ್ಜೆಯೂರುವಾಗ ಅವಳು ಜಾರಿದಳು. ಅವನು ಗಬಕ್ಕನೆ ಕೈ ಹಿಡಿದ.

ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಹಿಡಿದಿದ್ದ...

ಆ ಒಂದು ಕ್ಷಣವನ್ನೇ ಅವಳು ವಾರವಿಡೀ ನೆನೆಸಿಕೊಂಡಳು. ಆದರೆ ಶನಿವಾರ ಸಂಜೆ ಚಪ್ಪಲಿ ಅಂಗಡಿಯ ಮುಂದೆ ಹಾದುಹೋಗುವಾಗ ಅವನ ದನಿ ಕೇಳಿತು.

"ಲೇಡೀಸ್ ಚಪ್ಪಲಿ ಎಂಟನೇ ನಂಬರ್ ಕೊಡಿ. ಅವರಿಗೆ ಇಷ್ಟ ಆಗೋ ಹಾಗಿರ್ಬೇಕು."

ಅವಳದು ಐದನೇ ನಂಬರು!

'ಯಾರವಳು, ಆ ಎಂಟನೇ ನಂಬರಿನವಳು?' ಅಂದು ತನ್ನ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದ ತಾತನಿಗೆ ಸೊಳ್ಳೆ ಬತ್ತಿ ಕೊಟ್ಟು ಕಳುಹಿಸಿದಳು. 'ಸಾಕು. ನಾಳೆಗೆ ಈ ಭಾನುವಾರಗಳೇ ಮುಗಿದವು,' ಎಂದುಕೊಂಡಾಗ ಕಣ್ಣು ತುಂಬಿತು. ವಾರದಲ್ಲಿ ಅವಳು ಮನಸಾರೆ ನಗುತ್ತಿದ್ದುದು ಅದೊಂದೇ ದಿನ.

ಈ ವಾರದ ಪಾಠ, ಶಬ್ದ. ಪ್ಲಂಬರ್ ಮೈದಾನದ ಉದ್ದಕ್ಕೂ ಪೈಪ್ ಎಳೆದು, ಎರಡು ತುದಿಗೂ ಲಾಳಿಕೆ ಸಿಕ್ಕಿಸಿದ್ದ. ಒಬ್ಬರು ಮಾತಾಡಿದರೆ ಇನ್ನೊಬ್ಬರು ಕಿವಿಗಿಟ್ಟು ಕೇಳಬೇಕು.

"ಮೇಡಂ, ಮೊದಲು ನಾವು ಟೆಸ್ಟ್ ಮಾಡೋಣ. ಕೇಳಿಸ್ತಾ?"

ಮುಖ ನೋಡಿ ಹೇಳಲಾಗದ್ದನ್ನು ಲಾಳಿಕೆಗೆ ಹೇಳುವುದು ಸುಲಭ.

"ಕೇಳಿಸ್ತು. ಮುಂದಿನ ವಾರದಿಂದ ನಾನು ಬರಲ್ಲ."

"ಅಯ್ಯೋ! ಯಾಕೆ?"

"ನಿಮ್ಮ ಎಂಟನೇ ನಂಬರಿನವರನ್ನ ಕರ್ಕೊಂಡು ಬನ್ನಿ!"

ಆ ತುದಿಯಲ್ಲಿ ಅವನು ಲಾಳಿಕೆಯನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದ.

"ಆ ಚಪ್ಪಲಿ... ನಿಮಗೇ ತಂದಿದ್ದು. ನನ್ನ ರಾಕೆಟ್‌ನಿಂದ ತಾನೇ ನಿಮ್ಮದು ಕಿತ್ತೋಗಿದ್ದು."

"ಸುಳ್ಳು! ನನ್ನ ಕಾಲು ಐದು!"

"ನಿಮ್ಮ ಪ್ಲಾಸ್ಟರ್ ಹೆಜ್ಜೆಗೆ ಟೇಪ್ ಹಿಡಿದು ಮೂರು ಸಲ ಅಳೆದಿದ್ದೀನಿ ಮೇಡಂ!"

"ಅವತ್ತು ನಾನು ಜಾರಿದ್ದೆ ಕಣ್ರೀ! ಜಾರಿದ ಹೆಜ್ಜೆ ಉದ್ದ ಬೀಳಲ್ವಾ?"

"ಓಹ್... ನಿಮ್ಮ ಕೈ ಹಿಡಿದ ಗಾಬರೀಲಿ ಅದೇ ಮರೆತೋಯ್ತು."

ಅವಳ ದನಿ ಮೆತ್ತಗಾಯಿತು. "ಮತ್ತೆ ಬೆಳಿಗ್ಗೆಯೇ ಯಾಕೆ ಕೊಡ್ಲಿಲ್ಲ?"

"ಮನಸ್ಸಲ್ಲಿರೋದನ್ನೂ ಹೇಳಿ ಕೊಡೋಣ ಅಂತಿದ್ದೆ. ಹೇಳಿದ ಮೇಲೆ ಅದ್ರಲ್ಲೇ ಹೊಡೆದ್ರೆ ಅಂತ ಹೆದರಿಕೆ..."

"ಏನದು, ಮನಸ್ಸಲ್ಲಿರೋದು?"

"ನೀವಂದ್ರೆ ನನಗೆ ತುಂಬಾ ಇಷ್ಟ."

"ಅಪ್ಪಾ, ಇನ್ನೊಂದ್ಸಲ ಹೇಳು! ಹಿಂದಿನವರಿಗೆ ಕೇಳಿಸ್ಲಿಲ್ವಂತೆ!"

ಪೈಪಿನೊಳಗಿಂದ ಅವನ ಮಗಳ ದನಿ!

ನೀರಿನ ಲೈನಿಗೆ ಹಾಕುವಂತೆ, ಪ್ಲಂಬರ್ ಅಭ್ಯಾಸಬಲದಿಂದ ಪೈಪಿನ ಮಧ್ಯೆ ಮೂರು ಬಾಯಿಯ ಟೀ ಜಾಯಿಂಟ್ ಹಾಕಿದ್ದ. ಅದರ ಮೂರನೇ ತುದಿ ಮರದ ಹಿಂದಿತ್ತು. ಅಲ್ಲಿ ಹದಿನಾಲ್ಕು ಮಕ್ಕಳು ಒಂದೇ ಲಾಳಿಕೆಗೆ ಕಿವಿ ಹಚ್ಚಿ ಕುಳಿತಿದ್ದರು. ಇನ್ನು ಊರಿಗೆ ಡಂಗುರ ಹೊಡೆಸುವ ಖರ್ಚಿಲ್ಲ.

ಅವನು ತಲೆ ತಗ್ಗಿಸಿಕೊಂಡು ಮೈದಾನ ದಾಟಿ ಬಂದು, ಟೂಲ್ ಬ್ಯಾಗಿನಿಂದ ಚಪ್ಪಲಿ ತೆಗೆದು ಅವಳ ಮುಂದಿಟ್ಟ. ಅವಳು ಕಾಲಿಟ್ಟು ಎರಡು ಹೆಜ್ಜೆ ನಡೆದಳು. ಟಪ್... ಟಪ್... ಹಿಂದೆ ಇನ್ನೊಂದು ಪುಟ್ಟ ಕಾಲಿಗೆ ಜಾಗವಿತ್ತು!

"ನಾಳೇನೇ ಬದಲಾಯಿಸಿ ತರ್ತೀನಿ."

"ಬೇಡ. ಇದೇ ಇರ್ಲಿ."

"ಬೀಳ್ತೀರಲ್ಲ!"

ಅವಳು ಕೈ ಚಾಚಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಹಿಡ್ಕೊಳ್ಳಿ ಮತ್ತೆ... ಈ ಸಲ ಬಿಡಬೇಡಿ."

"ಬಿಡಲ್ಲ," ಎಂದ ಅವನು.